ನಾನು ಓದಿ ಹೇಳಿದ ಹೇಳಿಕೆ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದುಬಿಟ್ಟಿದ್ದೇನೆ. ಕಣ್ಣು ಮಂಜು, ಕೈ ನಡುಗುತ್ತದೆ ಎಂಬ ನೆಪಗಳೂ ಈಗ ಹಳತಾದವು.

ಐವತ್ತರ ದಶಕ. ಮ್ಯಾಟ್ರಿಕ್ ಮುಗಿಸಿ ರೋಣದಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಧಾರವಾಡದಿಂದ ಕಾನೂನಿನ ಪ್ರಾಧ್ಯಾಪಕರೊಬ್ಬರು ಬಂದರು. ದೇಶದೇಶಗಳು ಸೇರಿ ಒಪ್ಪಿಕೊಂಡ ಮನುಷ್ಯನ ಹಕ್ಕುಗಳು ನಮ್ಮ ಊರುಗಳಿಗೆ ಎಷ್ಟು ಮುಟ್ಟಿವೆ ಎಂಬುದು ಅವರ ಸಂಶೋಧನೆ. ಹೇಳಿಕೆ ಬರೆದುಕೊಳ್ಳಲು ನನ್ನನ್ನು ಜೊತೆಗೆ ಕರೆದುಕೊಂಡರು. ಅವರದು ಒಂದೇ ಕಟ್ಟುನಿಟ್ಟು: ಬರೆದದ್ದನ್ನು ಹೇಳಿದವರಿಗೆ ಓದಿ ಹೇಳಬೇಕು, ಆಮೇಲೆ ಹೆಬ್ಬೆಟ್ಟು. ಅಬ್ಬಿಗೇರಿಯಲ್ಲಿ ಶಾಲೆ ಬಿಡಿಸಿದ್ದ ಒಬ್ಬ ಹುಡುಗಿಯ ಹೇಳಿಕೆ ಓದಿ, ತಾವೇ ಹೋಗಿ ಮಾತಾಡಿ ಮತ್ತೆ ಸೇರಿಸಿದ್ದರು.

ನರಗುಂದ ಮುಗಿಸಿ ಗಜೇಂದ್ರಗಡಕ್ಕೆ ಬಂದಾಗ ಅವರಿಗೆ ಜ್ವರ. ನೇಕಾರರ ಓಣಿಗೆ ನಾನೊಬ್ಬನೇ ಹೋದೆ. ಒಬ್ಬ ಹೆಣ್ಣುಮಗಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದ ಏಳದೆಯೇ ಮಾತಾಡಿದಳು.

"ನೂಲು ಬೇಕಂದ್ರ ಮಗಳ ಸಾಲಿ ಬಿಡಿಸು, ಕಂಡಿಕಿಗೆ ನೂಲು ಸುತ್ತಾಕ ಕೂಡಿಸು ಅಂತಾರ್ರಿ ಸಾವುಕಾರ್ರು. ನಾಕನೇ ಇಯತ್ತೆ ಓದಾಕತ್ತಿದ್ಲು. ಬರಕೋರಿ."

"ಬರಕೊಳ್ಳಾಕತ್ತೀನಿ, ಯವ್ವಾ."

"ನೀವು ಅವರಿಗೆ ಅಳಿಯಾ ಆಗಾವ್ರು ಅಲ್ಲೇನ್ರಿ? ಬರೀತೀರೋ, ಬರೇ ಗೀಚತೀರೋ? ಓದ್ರಿ ನೋಡೂಣು."

ಆಕೆ ಹೇಳಿದ್ದು ಖರೆ. ಆ ಸಾಹುಕಾರರು ನನ್ನ ಸೋದರಮಾವ. ಅವರ ಮಗಳನ್ನು ನನಗೆ ಗೊತ್ತುಮಾಡಿದ್ದರು. ನಾನು ಬರೆದದ್ದು: 'ಮಗಳು ತನ್ನ ಇಚ್ಛೆಯಿಂದ ಶಾಲೆ ಬಿಟ್ಟಿದ್ದಾಳೆ, ಯಾರ ಮೇಲೂ ತಕರಾರಿಲ್ಲ.' ಅದೇ ಹಾಳೆ ನೋಡುತ್ತ, ಓದುವವನಂತೆ, ಆಕೆಯ ಮಾತುಗಳನ್ನೇ ಒಂದೂ ಬಿಡದೆ ಒಪ್ಪಿಸಿದೆ. ಆಕೆ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು.

"ಇದು ಎಲ್ಲಿ ಮಟ ಹೋಗತೈತ್ರಿ?"

"ಭಾಳ ದೂರ."

"ದೂರ ಬ್ಯಾಡ್ರಿ. ಸಾಲಿ ಮಟ ಹೋದ್ರ ಸಾಕು."

ಪ್ರಾಧ್ಯಾಪಕರು ಹಾಸಿಗೆಯಲ್ಲೇ ಆ ಹಾಳೆ ಓದಿ, "ಇಲ್ಲೇನು ಚಿಂತಿಲ್ಲ ಹಂಗಾರ" ಎಂದು ಮಗುಚಿಟ್ಟರು. ಹುಡುಗಿ ಮಗ್ಗದ ಬಳಿಯೇ ಉಳಿದಳು.

ಅವರ ಪ್ರಬಂಧ ಪುಸ್ತಕವಾಯಿತು. ಪರದೇಶದ ಸಭೆಗಳಿಗೆ ಹೋದರು, ದೊಡ್ಡ ಹೆಸರು ಮಾಡಿದರು. ನನಗೂ ಒಂದು ಪ್ರತಿ ಕಳಿಸಿದ್ದರು. ನೇಕಾರರ ಹೆಣ್ಣುಮಕ್ಕಳು ತಾವಾಗಿಯೇ ಶಾಲೆ ಬಿಡುತ್ತಾರೆ ಎಂದು ಅದರಲ್ಲಿ ಅಚ್ಚಾಗಿತ್ತು. ಅವರು ನಿವೃತ್ತರಾದ ಮೇಲೆ ಮನೆಗೆ ಹೋಗಿ ಎಲ್ಲ ಹೇಳಿದೆ.

"ನನ್ನ ಮುಂದ್ಯಾಕ ಹೇಳತೀಯಪಾ," ಎಂದರು.

ಹಬ್ಬಕ್ಕೆಂದು ಹೆಂಡತಿಯ ತವರಿಗೆ ಹೋದಾಗಲೆಲ್ಲ ಆ ಓಣಿ ತಪ್ಪಿಸಿ ಸುತ್ತು ಹೊಡೆದು ನಡೆದಿದ್ದೇನೆ. ಈಗ ಅಷ್ಟು ನಡೆಯಲಾರೆ. ನಾನು ತಪ್ಪೊಪ್ಪಿಕೊಳ್ಳಬೇಕಾಗಿದ್ದದ್ದು ಆ ಹುಡುಗಿಯ ತಾಯಿಯ ಮುಂದೆ, ಗಜೇಂದ್ರಗಡದ ಆ ನೇಕಾರ ಹೆಣ್ಣುಮಗಳ ಮುಂದೆ.