‘ಕೈ ನಡುಕ’ ಎಂದು ಬರೆದ ಇಸಿಜಿ

2023ರಲ್ಲಿ ನಾನು ಚಾಮರಾಜನಗರದ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ಇಸಿಜಿ ಟೆಕ್ನಿಷಿಯನ್ ಆಗಿದ್ದೆ. ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ದಿನಕ್ಕೆ ಎಷ್ಟು ಇಸಿಜಿ ತೆಗೆದೆ, ಎಷ್ಟನ್ನು ಮತ್ತೆ ತೆಗೆಯಬೇಕಾಯಿತು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಮತ್ತೆ ತೆಗೆದವು ಕಡಿಮೆ ಇದ್ದಷ್ಟೂ ಕೆಲಸ ಚೊಕ್ಕ ಎಂದು ನಂಬಿದ್ದೆ.

ಜುಲೈ ತಿಂಗಳ ಒಂದು ಸೋಮವಾರ. ಅಂದಿನ ಹನ್ನೊಂದನೆಯ ಇಸಿಜಿ ಚಂದಕವಾಡಿಯ ಶಿವಮಲ್ಲಪ್ಪನವರದು. ವಯಸ್ಸು ಅರವತ್ತೆರಡು. ಸುತ್ತಲಿನ ತೋಟಗಳ ಬಾಳೆಗೊನೆಗಳನ್ನು ಗುಂಡ್ಲುಪೇಟೆಗೆ ಬರುವ ಕೇರಳದ ವ್ಯಾಪಾರಿಗಳಿಗೆ ಮಾತಾಡಿ ಕೊಡಿಸುವುದು ಅವರ ಕೆಲಸ. ವಾರದಿಂದ ಎದೆ ಡವಗುಟ್ಟುತ್ತಿದೆ ಎಂದು ಮಗಳು ಮಂಗಳಾ ಕರೆತಂದಿದ್ದಳು.

“ಮಲಯಾಳಿಗಳ ತಾವ ನಾ ಬಾಯಿ ಬಡ್ಕೊಳೋದ ನೋಡಿ ಎದೆನೂ ಬಡ್ಕೊಳೋದ ಕಲ್ತ್‌ಬುಟ್ಟದ ಕಣಮ್ಮಿ” ಎಂದು ಅವರೇ ನಕ್ಕರು.

ಅವರ ಎದೆಯ ಮೇಲೆ ಶಿವದಾರದಲ್ಲಿ ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ ಇತ್ತು. ಎದೆಗೆ ಹಚ್ಚುವ ಆರು ತಂತಿಗಳಲ್ಲಿ ಮೂರರ ಜಾಗದಲ್ಲೇ ಅದು ಕೂತಿತ್ತು. ಸ್ವಲ್ಪ ಹೊತ್ತು ತೆಗೆದಿಡಬಹುದೇ ಎಂದು ಕೇಳಿದೆ.

“ಲಿಂಗ ಮೈ ಬುಟ್ಟು ಇರಬಾರ್ದು. ನಿನ್ ತಂತೀನೇ ಒಸಿ ಅತ್ತಗೆ ಸರಿಸು.”

ತಂತಿ ಸರಿಸಿದರೆ ಚಿತ್ರ ಬದಲಾಗುತ್ತದೆ. ಕರಡಿಗೆಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಳ್ಳಿ ಎಂದೆ. ಲಿಂಗ ಧರಿಸಿದ ಹಿರಿಯರಿಗೆಲ್ಲ ನಾವು ಹಾಗೆಯೇ ಹೇಳುತ್ತಿದ್ದೆವು. ಎತ್ತಿದ ಕೈ ಸ್ವಲ್ಪ ನಡುಗುತ್ತದೆ, ಕಾಗದದ ಮೇಲೆ ಗೆರೆಯೂ ನಡುಗುತ್ತದೆ. ಅದಕ್ಕಾಗಿ ಅಂಚಿನಲ್ಲಿ ‘ಕೈ ನಡುಕ’ ಎಂದು ಬರೆಯುವುದು ನಮ್ಮ ರೂಢಿ. ಅಂದೂ ಬರೆದೆ. ಡಾಕ್ಟರು ಅದನ್ನು ನೋಡಿ, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು, ವಾರ ಬಿಟ್ಟು ಬರಲು ಹೇಳಿದರು.

ಗುರುವಾರ ಬೆಳಿಗ್ಗೆ ಶಿವಮಲ್ಲಪ್ಪನವರನ್ನು ಸ್ಟ್ರೆಚರ್ ಮೇಲೆ ತಂದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತಿರಲಿಲ್ಲ. ಮಂಗಳಾ ಶಿವದಾರವನ್ನು ಮೇಲಕ್ಕೆಳೆದು ಕರಡಿಗೆಯನ್ನು ಅವರ ಭುಜದ ಮೇಲಿಟ್ಟಳು. ಅದಕ್ಕೆ ಕೆಲವೇ ಕ್ಷಣ ಹಿಡಿಯಿತು. ಲಿಂಗ ಮೈಬಿಡಲಿಲ್ಲ, ಎದೆಯೂ ತೆರವಾಯಿತು. ಯಂತ್ರ ಚಾಲು ಮಾಡಿದೆ. ಬಲಗೈ ಹಾಸಿಗೆಯ ಮೇಲೆ ಕದಲದೆ ಬಿದ್ದಿತ್ತು. ಗೆರೆ ಮಾತ್ರ ಸೋಮವಾರದಂತೆಯೇ ನಡುಗುತ್ತಿತ್ತು.

ಸರಿಯಾದ ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಮೊದಲು ಒಂದು ಸಣ್ಣ ಉಬ್ಬು, ಆಮೇಲೆ ಒಂದು ಎತ್ತರದ ಮೊನೆ ಬರುತ್ತದೆ. ಮೊನೆಗಳ ನಡುವಿನ ದೂರ ಹೆಚ್ಚುಕಡಿಮೆ ಸಮನಾಗಿರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಬರೀ ಅದುರುತ್ತವೆ. ಉಬ್ಬು ಮಾಯವಾಗುತ್ತದೆ, ದೂರಗಳು ತಾಳ ತಪ್ಪುತ್ತವೆ. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಶಿವಮಲ್ಲಪ್ಪನವರಿಗೆ ಆಗಿದ್ದೂ ಅದೇ ಎಂದು ಡಾಕ್ಟರು ಹೇಳಿ ಮೈಸೂರಿಗೆ ಕಳಿಸಿದರು.

ಆಂಬುಲೆನ್ಸ್ ಹೋದ ಮೇಲೆ ಸೋಮವಾರದ ಕಾಗದ ತೆಗೆದು ಮೊನೆಯಿಂದ ಮೊನೆಗೆ ಚಿಕ್ಕ ಚೌಕಗಳನ್ನು ಎಣಿಸಿದೆ. ಹದಿನೇಳು, ಇಪ್ಪತ್ತನಾಲ್ಕು, ಹದಿನಾಲ್ಕು, ಇಪ್ಪತ್ತೊಂದು, ಹದಿನಾರು. ನಡುಗುವ ಕೈ ಗೆರೆಯನ್ನು ಅಲುಗಿಸಬಹುದು, ಮೊನೆಗಳ ನಡುವಿನ ದೂರವನ್ನು ಬದಲಿಸಲಾರದು. ಇದು ತರಗತಿಯಲ್ಲಿ ಕಲಿತದ್ದೇ. ಡಾಕ್ಟರಿಗೆ ತೋರಿಸಿದೆ. ಅವರೂ ಪೆನ್ನಿನ ತುದಿಯಿಟ್ಟು ಚೌಕ ಎಣಿಸಿದರು.

“ನಾನೂ ನಿನ್ನ ಅಕ್ಷರ ಓದಿದೆ ಕಣಮ್ಮ. ಗೆರೆ ಓದಲಿಲ್ಲ.”

ನನಗೆ ಅಳು ಬರಲಿಲ್ಲ. ಅಂದು ಇನ್ನೂ ಏಳು ಇಸಿಜಿ ತೆಗೆದೆ.

ಸೆಪ್ಟೆಂಬರಿನಲ್ಲಿ ಶಿವಮಲ್ಲಪ್ಪನವರು ಮಗಳ ಜೊತೆ ಕೋಲೂರಿಕೊಂಡು ಬಂದರು. ಏನು ಕೇಳಿದರೂ “ಆಯ್ತು” ಎನ್ನುತ್ತಿದ್ದರು. ಬೇರೆ ಮಾತು ಹೊರಡುತ್ತಿರಲಿಲ್ಲ. ವ್ಯಾಪಾರಿಗಳು ಬೇರೆ ದಲ್ಲಾಳಿಯನ್ನು ಹಿಡಿದಿದ್ದರು. ಮಂಗಳಾಳನ್ನು ಹೊರಗೆ ಕರೆದು, ತೊಂದರೆ ಮೊದಲ ದಿನದ ಕಾಗದದಲ್ಲೇ ಇತ್ತು, ನಾನು ಗುರುತಿಸಲಿಲ್ಲ ಎಂದು ಹೇಳಿದೆ.

“ಅವತ್ತೇ ಗೊತ್ತಾಗಿದ್ರೆ ಅಪ್ಪ ಈಗ ಮಾತಾಡ್ತಿದ್ರಾ?”

ಹೆಪ್ಪುಗಟ್ಟದಂತೆ ಮಾತ್ರೆ ಅಂದೇ ಶುರುವಾಗುತ್ತಿತ್ತು, ಮೂರು ದಿನದಲ್ಲಿ ಅದು ತಡೆಯುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು ಎಂದೆ. ಅವಳು ನನ್ನನ್ನು ಬೈಯಲಿಲ್ಲ.

“ಒಳಕ್ಕೆ ಓಗನ. ಅವರೊಬ್ರೇ ಕೂತವ್ರೆ” ಎಂದಳು.

ಈಗ ನಾನು ಅಂಚಿನಲ್ಲಿ ಕಾರಣ ಬರೆಯುವುದಿಲ್ಲ. ಕಾರಣ ಕೈಗೆ ಸಿಕ್ಕಿತೆಂದರೆ ಕಣ್ಣು ಹುಡುಕುವುದನ್ನು ನಿಲ್ಲಿಸುತ್ತದೆ ಎಂಬುದನ್ನು ಈ ಕೆಲಸ ಕಲಿಸಿದೆ. ಮೊದಲು ಚೌಕ ಎಣಿಸುತ್ತೇನೆ. ಗೆರೆ ನಡುಗಿದರೆ ಇನ್ನೊಮ್ಮೆ ತೆಗೆಯುತ್ತೇನೆ. ಅದಕ್ಕೆ ಹಿಡಿಯುವುದು ಮೂರು ನಿಮಿಷ.