ಕಾಣದ ಊರಿನ ಬಾವಿಗೂ ಕಾವಲು

ಇನ್ನೂ ಸರಿಯಾಗಿ ಬೆಳಗಾಗಿಲ್ಲ. ದೇವದುರ್ಗಕ್ಕೆ ಹತ್ತಿರದ ಒಂದು ಊರಿನ ಮೆಟ್ಟಿಲು ಬಾವಿಯ ಕಟ್ಟೆಯ ಮೇಲೆ ಗೋಪಮ್ಮ ಆಗಲೇ ಬಂದು ಕೂತಾಗಿದೆ. ಪಕ್ಕದಲ್ಲಿ ಹಗ್ಗ ಕಟ್ಟಿದ ಕೊಡ, ಮಡಿಲಲ್ಲಿ ಒಗೆದು ಮಡಚಿದ ಬಿಳಿ ಬಟ್ಟೆಗಳು. 1986ರ ಈ ಬೇಸಿಗೆಗೆ ಬಾವಿ ತಳ ಕಂಡಿದೆ. ನೀರಿಗೆ ಬಂದವರು ಗೌಡರ ಮನೆಯವರೇ ಆಗಲಿ, ದನ ಕಾಯುವವರೇ ಆಗಲಿ, ಮೆಟ್ಟಿಲಿಗೆ ಕಾಲಿಡುವ ಮೊದಲೇ ಗೋಪಮ್ಮನ ಕೈ ಅಡ್ಡ ಬರುತ್ತದೆ. ಮೇಲಿಂದಲೇ ಸೇದಿ, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ತುಂಬಿಕೊಡುತ್ತಾರೆ. ಹೊತ್ತೇರುವುದರೊಳಗೆ ನೂರಕ್ಕೂ ಮೇಲೆ ಕೊಡಗಳು. ಇದಕ್ಕೆ ಸಂಬಳವಿಲ್ಲ. ಹೊಟ್ಟೆಪಾಡಿನ ಕೂಲಿ ಆಮೇಲೆ ಇದ್ದೇ ಇದೆ.

ಕಾವಲು ನಾರುಹುಣ್ಣಿನ ವಿರುದ್ಧ. ಈ ಭಾಗದವರಿಗೆ ಅದರ ಪರಿಚಯ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ನೀರಿನ ಜೊತೆ ಹೊಟ್ಟೆ ಸೇರಿದ ಹುಳ ವರ್ಷದ ಹೊತ್ತಿಗೆ ಮೊಳಕೈಯುದ್ದ ಬೆಳೆದು, ಕಾಲಲ್ಲಿ ಬೊಬ್ಬೆ ಎಬ್ಬಿಸಿ ದಾರದಂತೆ ಹೊರಬರುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಾಳದೆ ಮನುಷ್ಯ ಕಾಲನ್ನು ನೀರಿಗಿಡುತ್ತಾನೆ, ಹುಳ ಆ ಗಳಿಗೆಗೇ ಕಾದಿದ್ದು ಮರಿಗಳನ್ನು ನೀರಿಗೆ ಬಿಡುತ್ತದೆ. ಬರುವ ವರ್ಷ ಆ ನೀರು ಕುಡಿದವರ ಸರದಿ.

ಶುರುವಿನಲ್ಲಿ ಊರು ಗೋಪಮ್ಮನ ಮಾತು ಕೇಳಲಿಲ್ಲ. ಕೆಳಗಿಳಿದು, ಪಾದ ತೋಯಿಸಿ, ಗಂಗವ್ವಗೆ ಕೈಮುಗಿದೇ ಕೊಡ ತುಂಬುವುದು ಇಲ್ಲಿಯ ಪದ್ಧತಿ. ಇಳಿಯಬೇಡಿ ಎಂದರೆ ದೇವರಿಗೆ ಅಡ್ಡ ಬಂದಂತೆ. ಗೋಪಮ್ಮ ವಾದ ಮಾಡಲಿಲ್ಲ. ಕಟ್ಟೆಯ ಮೇಲೇ ಒಂದು ತಂಬಿಗೆ ಇಟ್ಟು, ಬಂದವರ ಪಾದಕ್ಕೆ ತಾವೇ ನೀರು ಹಾಕತೊಡಗಿದರು. ಗಂಗವ್ವನೇ ಮೇಲೆ ಬಂದಿದ್ದಾಳೆ, ನೀವ್ಯಾಕೆ ಇಳಿಯುತ್ತೀರಿ ಎಂದು ಕೇಳಿದರು. ಮುದುಕಿಯರಿಗೆ ಅದು ಒಪ್ಪಿಗೆಯಾಯಿತು.

ಇದೇ ಬಾವಿಯ ಮೆಟ್ಟಿಲನ್ನು ಚಿಕ್ಕಂದಿನಲ್ಲಿ ಗೋಪಮ್ಮ ತುಳಿಯುವಂತಿರಲಿಲ್ಲ. ಅವರ ಕೇರಿಯವರೆಲ್ಲ ದೂರ ನಿಂತು, ಯಾರಾದರೂ ಕನಿಕರಪಟ್ಟು ಸುರಿದಷ್ಟಕ್ಕೆ ಕೊಡ ಒಡ್ಡಬೇಕಿತ್ತು. ಈಗ ಊರನ್ನೇ ತಡೆಯುತ್ತಾಳಲ್ಲ ಎಂದು ಕೆಲವರು ಕುಟುಕುತ್ತಾರೆ. ಗೋಪಮ್ಮ ನಕ್ಕು ಹಗ್ಗ ಎಳೆಯುತ್ತಾರೆ.

ಬಟ್ಟೆ ಕೊಟ್ಟು ಸೋಸುವುದನ್ನು ಕಲಿಸಿದ್ದು ರಾಯಚೂರಿನಿಂದ ಬರುವ ಆರೋಗ್ಯ ಸಹಾಯಕ ಅಂಬಣ್ಣ. ಅವರೊಮ್ಮೆ ಆಫ್ರಿಕಾದ ಹಳ್ಳಿಯೊಂದರ ಚಿತ್ರ ತೋರಿಸಿದರು. ಹೊಂಡದ ದಂಡೆಯಲ್ಲಿ ಒಬ್ಬ ಹೆಂಗಸು. ಅದೇ ಕಾಲು, ಅದೇ ಹುಣ್ಣು. ಈ ಹುಳಕ್ಕೆ ಮನುಷ್ಯನ ಮೈ ಬಿಟ್ಟರೆ ನೆಲೆಯಿಲ್ಲ, ಎಲ್ಲ ದೇಶದವರೂ ಸೇರಿ ನೀರು ಕಾಯ್ದರೆ ಅದರ ವಂಶವೇ ಮುಗಿಯುತ್ತದೆ, ಎಲ್ಲೋ ಒಂದು ಕಡೆ ಬಿಟ್ಟರೂ ಮತ್ತೆ ಹಬ್ಬುತ್ತದೆ ಎಂದು ವಿವರಿಸಿದರು. ಗೋಪಮ್ಮ ಚಿತ್ರವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. "ಆಕಿ ಅಲ್ಲಿ ತನ್ನ ನೀರು ಕಾಯಾಕತ್ತಿದ್ರ, ನಾ ಇಲ್ಲಿ ಮಲಗಿದ್ರ ಹ್ಯಾಂಗ್ರಿ? ಆಕಿ ದುಡಿದದ್ದು ಮಣ್ಣಾಗ ಹೋಗ್ತದಲ್ಲ" ಎನ್ನುತ್ತಾರೆ. ರಾಯಚೂರನ್ನೂ ಎರಡೇ ಸಲ ನೋಡಿದ ಹೆಂಗಸಿನ ಮಾತಿದು.

ಮಾತಿಗೆ ಬೆಲೆ ತೆರಬೇಕಾದ ದಿನವೂ ಬಂತು, ಅದೂ ಮನೆಯೊಳಗಿಂದಲೇ. ತಮ್ಮ ದುರುಗಪ್ಪ ಬತ್ತ ಕೊಯ್ಯುವ ಗುಂಪಿನ ಮೇಸ್ತ್ರಿ. ಹೋದ ಬೇಸಿಗೆಯಲ್ಲಿ ಮಾನ್ವಿ ತಾಲೂಕಿನ ಪೋತ್ನಾಳದ ಆಚೆ ಕೊಯ್ಲಿಗೆ ಹೋದವನು, ಅಕ್ಕ ಕೊಟ್ಟ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಗದ್ದೆ ಬದಿಯ ಬಾವಿಯ ನೀರನ್ನು ಸೋಸದೆ ಹಾಗೇ ಕುಡಿದ. ಈ ಬೇಸಿಗೆ ಗುಂಪನ್ನು ಕೊಯ್ಲಿಗೆ ಒಯ್ಯುವ ಲಾರಿ ಬರುವ ಹೊತ್ತಿಗೆ ಕಾಲಲ್ಲಿ ಬೊಬ್ಬೆ ಎದ್ದಿತ್ತು. ದೀಪದ ಬುಡದಲ್ಲಿ ಕತ್ತಲು ಎಂದು ಊರು ನಕ್ಕಿತು. ದುರುಗಪ್ಪ ಕಾಲಿಗೆ ಬಟ್ಟೆ ಸುತ್ತಿ ಲಾರಿ ಹತ್ತಲು ಹೊರಟ. ಹೋಗದಿದ್ದರೆ ಮೇಸ್ತ್ರಿತನ ಬೇರೆಯವರ ಪಾಲು. ಹೋದರೆ, ಗದ್ದೆ ಬದಿಯ ಆ ಬಾವಿಯ ನೀರು ಕುಡಿಯುವವರು ಒಂದೂರಿನವರಲ್ಲ. ಆಂಧ್ರದ ಕಡೆಯ ಗುಂಪುಗಳೂ ಅಲ್ಲಿಗೇ ಬರುತ್ತವೆ, ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ತಮ್ಮ ಊರಿಗೆ ಮರಳುತ್ತವೆ.

ನೀರಿಗಿಳಿಯುವುದಿಲ್ಲವೆಂದು ತಮ್ಮ ಆಣೆ ಇಟ್ಟ. ಉರಿ ಹತ್ತಿದ ಕಾಲಿಗೆ ಆಣೆ ನೆನಪಿರುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತು. ಆಗ ಅವನು, "ಆ ಬಾವಿ ನಮ್ಮಪ್ಪಂದೇನಕ್ಕ? ಹುಳ ಅಲ್ಲಿಂದನ ಬಂದದ, ಅಲ್ಲೇ ಹೋಗ್ಲಿ ಬಿಡು" ಅಂದ.

"ಬಂದ ದಾರಿ ಹಿಡಿದು ಹೊಳ್ಳಿ ಹೋಗಾಕ ಅದೇನು ಬೀಗರೇನಲೇ? ಹೋದಲ್ಲೆಲ್ಲ ಮನಿ ಮಾಡ್ತದ. ನಿನ್ನ ಕಾಲಾಗಿಂದು ಯಾರದೋ ಕೂಸಿನ ಹೊಟ್ಟಿಗೆ ಹೋಗಾಕ ನಾ ಬಿಡಂಗಿಲ್ಲ."

ಇಷ್ಟು ಹೇಳಿ, ಗೋಪಮ್ಮ ಲಾರಿಯ ಮುಂದೆ ಎಲ್ಲರೆದುರಿಗೇ ಬಗ್ಗಿ ತಮ್ಮನ ಕಾಲಿನ ಬಟ್ಟೆ ಬಿಚ್ಚಿಬಿಟ್ಟರು. ಗುಂಪಿನ ಹೆಂಗಸರು ಹುಣ್ಣು ನೋಡಿದರು. ಅವನು ಹತ್ತಿದರೆ ನಾವು ಇಳಿಯುತ್ತೇವೆ ಎಂದರು. ಕನಕರಾಯ ಎಂಬವನು ಮೇಸ್ತ್ರಿಯಾಗಿ ಲಾರಿ ಹೊರಟಿತು. ಕೈಯಾರೆ ಎತ್ತಿ ಆಡಿಸಿದ ತಮ್ಮನನ್ನು ಊರ ಮುಂದೆ ತಲೆ ತಗ್ಗಿಸುವಂತೆ ಮಾಡಿದ ಸಂಕಟ ಗೋಪಮ್ಮನಿಗೆ ಇಂದಿಗೂ ಇದೆ.

ಅಂದಿನಿಂದ ದುರುಗಪ್ಪ ಅಕ್ಕನ ಜೊತೆ ಮಾತು ಬಿಟ್ಟಿದ್ದಾನೆ. ಬಾವಿಯ ಕೆಲಸ ಮುಗಿಸಿ ಗೋಪಮ್ಮ ದಿನಾ ಅವನ ಗುಡಿಸಲಿಗೆ ಹೋಗುತ್ತಾರೆ. ಅವನು ಮುಖ ಆ ಕಡೆ ತಿರುಗಿಸಿ ಕಾಲು ಈ ಕಡೆ ಚಾಚುತ್ತಾನೆ. ಅವರು ಹುಣ್ಣು ತೊಳೆದು, ಹುಳವನ್ನು ಕಡ್ಡಿಗೆ ಸುತ್ತುತ್ತಾರೆ, ದಿನಕ್ಕೆ ಎರಡು ಬೆರಳಷ್ಟು ಮಾತ್ರ. ಅವಸರ ಮಾಡಿದರೆ ಹುಳ ಒಳಗೇ ಹರಿದು ಕಾಲು ಕೊಳೆಯುತ್ತದೆ. ಈ ದಿನ ಕಡ್ಡಿ ಸುತ್ತುವಾಗ ಅವನು ಗೋಡೆ ನೋಡುತ್ತಲೇ, ಇನ್ನೆಷ್ಟು ಉಳಿದಿದೆ ಎಂದು ಕೇಳಿದ. ಗೋಪಮ್ಮ ಸ್ವಲ್ಪ ಅಂದರು. ಅವನು ಅಷ್ಟು ಮಾತಾಡಿದ್ದಕ್ಕೇ ಅವರ ಮುಖ ಅರಳಿತು.

ಪೋತ್ನಾಳದ ಆಚೆಯ ಆ ಊರನ್ನು ಗೋಪಮ್ಮ ಕಂಡಿಲ್ಲ. ಅಲ್ಲಿಯವರಿಗೆ ಇವರ ಉಪಕಾರ ತಿಳಿಸಬೇಡವೇ ಎಂದು ಯಾರಾದರೂ ಕೇಳಿದರೆ, ಬಟ್ಟೆ ಹಿಂಡಿ ಕಟ್ಟೆಯ ಮೇಲೆ ಹರವುತ್ತ ಹೇಳುತ್ತಾರೆ:

"ಬ್ಯಾಡ್ರಿ. ನನ್ನ ತಮ್ಮ ಯಾರು, ನಾ ಯಾರು ಅನ್ನೂದು ಅವರಿಗೆ ಗೊತ್ತಾಗದಂಗ ಇರಲಿ. ಹುಳ ತಂದವರು ಯಾರು ಅಂತ ಅವರು ನಮ್ಮನ್ನ ನೆನಸಿದ್ರು ಅಂದ್ರ, ಅಲ್ಲಿ ಯಾರಿಗೋ ಕಾಲು ಉರೀತದ ಅಂತನ ಅರ್ಥ."