ಮೂರು ಬಸ್ಸು, ಯೋಶಿಕೊಗೆ ಒಂದು ದೀಪ

ಸಿಯಾಟಲ್ ಪಕ್ಕದ ಬೆಲ್ವ್ಯೂ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಿಂದ ಸಂಜೆ ನಾಲ್ಕಕ್ಕೆ ಹೊರಟೆವು. 2017ರ ಆಗಸ್ಟ್ ಆರು, ಭಾನುವಾರ. ಕೆಲವು ದಿನಗಳಿಂದ ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ಊರಿನ ಮೇಲೆ ಕೂತಿತ್ತು. ಸೂರ್ಯ ಬೇಯಿಸಿದ ಬೀಟ್‌ರೂಟ್ ಬಿಲ್ಲೆಯ ಹಾಗೆ ಕಾಣುತ್ತಿದ್ದ. ಸೆಖೆ ಬೇರೆ.

ಜೊತೆಗಿದ್ದವರು ಎದುರುಮನೆಯ ಮಿಚಿಕೊ. ಎಂಬತ್ತು ವರ್ಷ, ಹುಟ್ಟಿದ್ದು ಹಿರೋಶಿಮಾದಲ್ಲಿ. ಆ ಊರಿನ ಮೇಲೆ ಅಣುಬಾಂಬು ಬಿದ್ದಾಗ ಅವರಿಗೆ ಎಂಟು ವರ್ಷ. ನಾಲ್ಕು ವರ್ಷದ ತಂಗಿ ಯೋಶಿಕೊ ಮರುದಿನ ತೀರಿಕೊಂಡಳು. ಪ್ರತಿ ಆಗಸ್ಟ್ ಆರರ ಸಂಜೆ ಸಿಯಾಟಲ್‌ನ ಗ್ರೀನ್ ಲೇಕ್ ಕೆರೆಯಲ್ಲಿ ಸತ್ತವರ ಹೆಸರು ಬರೆದು ಕಾಗದದ ದೀಪ ತೇಲಿಬಿಡುತ್ತಾರೆ. ಮಿಚಿಕೊ ಒಂದು ವರ್ಷವೂ ತಪ್ಪಿಸಿದವರಲ್ಲ. ಆದರೆ ಮುಂದಿನ ತಿಂಗಳು ಅವರು ಅರಿಜೋನಾದ ಮಗಳ ಮನೆಗೆ ಹೋಗಿಬಿಡುವವರಿದ್ದರು. "ಅಲ್ಲಿ ಬರೀ ಮರಳು. ಇದೇ ಕೊನೇ ದೀಪ, ಚೆನ್ನಾಗಿ ಕಳಿಸ್ಬೇಕು" ಎಂದಿದ್ದರು. ನಮ್ಮ ಮಾತು ಇಂಗ್ಲಿಷಿನದು. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲೇ, ಹಾಗೇ ಬರೆಯುತ್ತೇನೆ.

ನಮ್ಮ ಯಜಮಾನರು ಕಾರಿನ ಕೀ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಡ್ರಾಪ್ ಮಾಡ್ತೀನಿ ಕಣೆ, ಈ ಹೊಗೇಲಿ ಯಾಕೆ ಬಸ್ಸು?"

ಮಿಚಿಕೊ ಬಸ್ಸೇ ಬೇಕೆಂದರು. ಅದು ಯಾಕೆಂದು ನನಗೆ ಗೊತ್ತಿತ್ತು. ಹದಿಮೂರು ವರ್ಷದ ಹಿಂದೆ, ನಂಜನಗೂಡಿನಿಂದ ಬಂದ ಹೊಸತರಲ್ಲಿ, ಒಬ್ಬಳೇ ಹೊರಗೆ ಕಾಲಿಡಲು ಹೆದರುತ್ತಿದ್ದ ನನ್ನನ್ನು ಬಸ್ಸು ಹತ್ತಿಸಿದವರೇ ಇವರು. ಆ ದಿನ ಇಳಿಯಲು ಕಿಟಕಿ ಮೇಲಿನ ಗಂಟೆಯ ಹಗ್ಗ ಎಳೆಯುವುದಕ್ಕೆ ನಾಚಿಕೊಂಡು ನಾನು ಮೂರು ಸ್ಟಾಪು ದಾಟಿಸಿದ್ದೆ. ಅವರು ತಾವು ಎಳೆಯದೆ, ನಾನೇ ಎಳೆಯಲಿ ಎಂದು ಸುಮ್ಮನೆ ಕೂತಿದ್ದರು. ಇವತ್ತು ನಾನು ಓಡಾಡುವ ಸಿಯಾಟಲ್ ಎಲ್ಲ ಅವರು ಕೊಟ್ಟದ್ದು.

ಮೊದಲ ಬಸ್ಸಿನಲ್ಲಿ ಬೆಲ್ವ್ಯೂ ದೊಡ್ಡ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ. ನನಗೆ ಎರಡೂವರೆ ಡಾಲರು, ಹಿರಿಯರಿಗೆ ಒಂದು. ಎರಡನೆಯದು ಸರೋವರದ ಮೇಲಿನ ತೇಲುಸೇತುವೆ ದಾಟಿ ಯೂನಿವರ್ಸಿಟಿ ಕಡೆಗೆ. ನನ್ನ ಚೀಲದಲ್ಲಿ ಪುಳಿಯೋಗರೆ, ಮೊಸರನ್ನ, ಎರಡು ಬಾಳೆಹಣ್ಣು, ಶಾಲು, ದೊಡ್ಡ ನೀರಿನ ಬಾಟಲಿ.

"ಮೂರು ಬಸ್ಸಿಗೆ ಇಷ್ಟಾದ್ರೆ, ರೈಲಿಗೆ ಒಲೇನೇ ಹೊತ್ಕೊಂಡು ಬರ್ತೀಯ" ಎಂದರು ಮಿಚಿಕೊ. ಪುಳಿಯೋಗರೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರು.

ಸೇತುವೆಯ ಮೇಲೆ ಎದುರುದಡ ಹೊಗೆಯಲ್ಲಿ ಕಾಣುತ್ತಲೇ ಇರಲಿಲ್ಲ. "ನಿಮಗೆ ಈ ವಾಸನೆ ಕಷ್ಟ ಆಗಲ್ವಾ?" ಎಂದೆ.

"ಇದು ಬರೀ ಮರದ್ದು" ಎಂದರು. ಆಮೇಲೆ ಅವರೇ ಕೇಳಿದರು, "ನಿನ್ನ ಮನೆಗೆ ಬಂದಾಗಲೆಲ್ಲ ಬೆಲ್ಲ, ನೀರು ಕೊಡ್ತೀಯಲ್ಲ, ಯಾಕೆ?"

"ಯಾರು ಬಂದ್ರೂ ಮೊದಲು ನೀರು ಕೊಡ್ಬೇಕು, ಬಾಯಾರಿ ಬಂದಿರ್ತಾರಲ್ಲ. ಅಮ್ಮ ಹಾಗೇ ಮಾಡ್ತಿದ್ರು."

ಹದಿಮೂರು ವರ್ಷದಲ್ಲಿ ಅವರು ಆ ಲೋಟದಲ್ಲಿ ಒಂದು ಹನಿ ಉಳಿಸಿದ್ದನ್ನು ನಾನು ಕಂಡಿಲ್ಲ.

"ಯೋಶಿಕೊ ರಾತ್ರಿಯೆಲ್ಲ ನೀರು ಕೇಳಿದ್ಲು" ಎಂದರು. "ಸುಟ್ಟವರಿಗೆ ನೀರು ಕೊಟ್ರೆ ಸತ್ತುಹೋಗ್ತಾರೆ ಅಂತ ದೊಡ್ಡವರು ಹೇಳಿದ್ರು. ಕೆಟಲ್ ನನ್ನ ತೊಡೆ ಮೇಲೇ ಇತ್ತು. ನಾನು ದೊಡ್ಡವರ ಮಾತು ಕೇಳೋ ಹುಡುಗಿ, ಕೊಡ್ಲಿಲ್ಲ. ಬೆಳಿಗ್ಗೆ ಹೇಗೂ ಹೋದ್ಲು."

ಬಾಳೆಹಣ್ಣು ಸುಲಿದು ಅವರ ಕೈಗಿಟ್ಟೆ.

ಮೂರನೆಯ ಬಸ್ಸು ಇಳಿದು ಕೆರೆ ಮುಟ್ಟಿದಾಗ ಆರು ಗಂಟೆ. ಹುಲ್ಲಿನ ಮೇಲೆ ಜನ ಚಾಪೆ ಹಾಸಿ ಕೂತಿದ್ದರು. ಉದ್ದನೆಯ ಮೇಜಿನ ಹಿಂದೆ ಸ್ವಯಂಸೇವಕರು ಕುಂಚದಲ್ಲಿ ಹೆಸರು ಬರೆದುಕೊಡುತ್ತಿದ್ದರು. ನಾಲ್ಕು ಕಡ್ಡಿಗೆ ಸುತ್ತಿದ ಕಾಗದ, ಕೆಳಗೆ ಮರದ ಹಲಗೆ, ನಡುವೆ ಮೇಣದಬತ್ತಿ. ಒಂದು ಪಕ್ಕ ಜಪಾನಿ ಅಕ್ಷರದಲ್ಲಿ ಯೋಶಿಕೊ ಎಂದಾಯಿತು. ಇನ್ನೊಂದು ಪಕ್ಕ ಕನ್ನಡದಲ್ಲಿ ಬರೆ ಎಂದು ಮಿಚಿಕೊ ಕುಂಚವನ್ನು ನನಗೆ ಕೊಟ್ಟರು. ಬರೆದೆ. "ಎಲ್ಲ ದುಂಡಗಿದೆ, ಅವಳ ಕೆನ್ನೆ ಹಾಗೆ" ಎಂದರು.

ಎಂಟೂವರೆ ದಾಟಿ, ಹೊತ್ತು ಮುಳುಗಿದ ಮೇಲೆ ದಡಕ್ಕೆ ಸಾಲು ಹೋಯಿತು. ಮಿಚಿಕೊ ಬಗ್ಗಲಾರರು. ಅವರು ಹಚ್ಚಿಕೊಟ್ಟ ದೀಪವನ್ನು ನಾನು ಮಂಡಿಯೂರಿ ನೀರಿಗೆ ಬಿಟ್ಟೆ. ಗಾಳಿಯೇ ಇಲ್ಲದ ಸಂಜೆ. ದೀಪ ಒಂದು ಮೊಳ ಹೋಗಿ ನಿಂತಿತು, ಮತ್ತೆ ನಮ್ಮ ಕಡೆಗೇ ತಿರುಗಿತು.

ಕಾರ್ತಿಕದಲ್ಲಿ ಕಪಿಲೆಗೆ ದೊನ್ನೆಯ ದೀಪ ಬಿಡುವಾಗ ನಾವು ಅದರ ಹಿಂದಿನ ನೀರನ್ನು ಅಂಗೈಯಿಂದ ಮೂರು ಸಲ ತಳ್ಳುತ್ತೇವೆ, ದೀಪ ದಡಕ್ಕೆ ಮರಳಬಾರದೆಂದು. ನನ್ನ ಕೈ ಯೋಚಿಸಲೇ ಇಲ್ಲ. ಒಂದು ಸಲ, ಎರಡು ಸಲ. ಅಲ್ಲಿ ದೊನ್ನೆಯನ್ನು ಹೊಳೆಯೇ ಎತ್ತಿಕೊಂಡು ಹೋಗುತ್ತದೆ. ಇಲ್ಲಿ ಇದು ಚಪ್ಪಟೆ ಹಲಗೆ. ಮೂರನೆಯ ಅಲೆ ಹಲಗೆ ಹತ್ತಿ ಕಾಗದದೊಳಗೆ ನುಗ್ಗಿತು. ಚುಯ್ ಎಂದು ಬತ್ತಿ ಆರಿಹೋಯಿತು.

ಕೊನೆಯ ದೀಪ. ನನ್ನ ಕೈಯಿಂದಲೇ. ತಲೆಯೆತ್ತಲಾಗಲಿಲ್ಲ. ಪಕ್ಕದಲ್ಲಿದ್ದ ಸ್ವಯಂಸೇವಕಿ ಲೈಟರ್ ತೆಗೆದು, "ಪರವಾಗಿಲ್ಲ, ಎಳ್ಕೊಳ್ಳಿ, ಮತ್ತೆ ಹಚ್ಚೋಣ" ಎಂದಳು.

ಮಿಚಿಕೊ ನನ್ನ ಹೆಗಲು ಹಿಡಿದು ನಿಧಾನವಾಗಿ ಕೆಳಗೆ ಕೂತರು. ಒದ್ದೆಯಾದ ಕಾಗದವನ್ನು ನೋಡುತ್ತಲೇ ಇದ್ದರು.

"ಬೇಡ, ಹಚ್ಬೇಡಿ" ಎಂದರು. "ಅವಳು ಕುಡೀತಿದಾಳೆ."

ಆಮೇಲೆ ತಾವೇ ಬೊಗಸೆಯಲ್ಲಿ ಕೆರೆಯ ನೀರೆತ್ತಿ ದೀಪದೊಳಗೆ ಹಾಕಿದರು. ಮತ್ತೊಂದು ಬೊಗಸೆ. ಮತ್ತೊಂದು. ಹಿಂದಿನ ಸಾಲಿನವರು ತಳ್ಳದೆ ಕಾದರು. ಹಿಂದಿನಿಂದ ಬಂದ ದೀಪಗಳು ತಾಗಿ ತಾಗಿ, ನಮ್ಮ ಆರಿದ ದೀಪವೂ ನಡುನೀರಿಗೆ ಹೋಯಿತು. ಸುತ್ತಲಿನ ಬೆಳಕಿನಲ್ಲಿ ಅದರ ಕಾಗದ ಬಹಳ ಹೊತ್ತು ಕಾಣುತ್ತಿತ್ತು. ಎಲ್ಲ ಮುಗಿದ ಮೇಲೆ ಸ್ವಯಂಸೇವಕರು ದೋಣಿಯಲ್ಲಿ ಹೋಗಿ ದೀಪಗಳನ್ನೆಲ್ಲ ಹೆಕ್ಕಿ ತರುತ್ತಾರೆ. ಅದನ್ನು ನೋಡಲು ನಾವು ನಿಲ್ಲಲಿಲ್ಲ.

ವಾಪಸು ಬಸ್ಸಿನಲ್ಲಿ ಮಿಚಿಕೊಗೆ ಶಾಲು ಹೊದಿಸಿದೆ. ಕ್ಷಮಿಸಿ ಎಂದು ಶುರುಮಾಡಿದ್ದಕ್ಕೆ, "ಸುಮ್ನಿರು, ಎಪ್ಪತ್ತೆರಡು ವರ್ಷ ಬೇಕಾಯ್ತು ಇದಕ್ಕೆ. ಥ್ಯಾಂಕ್ಸು" ಎಂದು ನನ್ನ ಒದ್ದೆ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನೀರು ಕೇಳಿದರು. ಬಾಟಲಿ ಕೊಟ್ಟೆ. ನಾಲ್ಕು ಗುಟುಕು ಕುಡಿದು ಮುಚ್ಚಳ ಹಾಕಿ ವಾಪಸು ಕೊಟ್ಟರು. ಅರ್ಧ ಹಾಗೇ ಉಳಿದಿತ್ತು.

ನಮ್ಮ ಸ್ಟಾಪು ಬಂದಾಗ ಅವರಿಗೆ ನಿದ್ದೆ. ಹಗ್ಗ ನಾನೇ ಎಳೆದೆ.